ಮನೆಯೇ ಶಾಲೆಯಾದ ದಿನಗಳು

ಸಾಂಕ್ರಾಮಿಕ ರೋಗಗಳ ಇತಿಹಾಸ ಬರೆಯುವವರು ಸಾವಿನ ಲೆಕ್ಕವನ್ನು ಕೊಡುತ್ತಾರೆ, ಸರಕಾರದ ಆಜ್ಞೆಗಳನ್ನು ಹೇಳುತ್ತಾರೆ, ಲಸಿಕೆಯ ಕಥೆಯನ್ನು ವಿಸ್ತರಿಸುತ್ತಾರೆ. ಶಾಲೆಗೆ ಬೀಗ ಬಿದ್ದಾಗ ಮಗುವನ್ನು ಎದುರಿಗೆ ಕೂರಿಸಿಕೊಂಡು ಪುಸ್ತಕ ಬಿಡಿಸಿದ ತಾಯಿಯ ಮಾತು, ಮಗ್ಗಿ ಒಪ್ಪಿಸಿಕೊಂಡ ಅಜ್ಜನ ಮಾತು ಆ ಬರಹಗಳಲ್ಲಿ ಅಪರೂಪ. 2020ರಿಂದ ಎರಡು ವರ್ಷ ಮುಂಬಯಿಯಲ್ಲಿ ನಾವು ಕಣ್ಣಾರೆ ಕಂಡ ಈ ಸಂಗತಿಯನ್ನು ಮರೆಯುವ ಮುನ್ನ ಬರೆದಿಡುವುದು ಲೇಸೆಂದು ತೋರುತ್ತದೆ.

ರೋಗಕ್ಕೆ ಹೆದರಿ ಪಾಠವನ್ನು ಮನೆಗೆ ಕಳುಹಿಸಿದ್ದು ಆಗಲೇ ಮೊದಲಲ್ಲ. 1937ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಪೋಲಿಯೋ ಹಬ್ಬಿತು; ಸೆಪ್ಟೆಂಬರಿನಲ್ಲಿ ಶಾಲೆಗಳು ತೆರೆಯಲಿಲ್ಲ. ಮೂರರಿಂದ ಎಂಟನೆಯ ತರಗತಿಯವರೆಗಿನ ಸುಮಾರು 3,15,000 ಮಕ್ಕಳಿಗೆ ರೇಡಿಯೋ ಮೂಲಕ ಕಾಲು ಗಂಟೆಯ ಪಾಠಗಳನ್ನು ಏರ್ಪಡಿಸಿದರು. ಪಾಠದ ವಿವರ ಬೆಳಗಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಸಂಶಯ ಕೇಳಲು ದೂರವಾಣಿಯ ಬಳಿ ಶಿಕ್ಷಕರನ್ನು ಕೂರಿಸಿದರು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆಗಳು ಬಂದವು. ರೇಡಿಯೋ ಪಾಠ ಹೇಳಿತು, ನಿಜ. ಆದರೆ ಮಗು ಕೇಳಿತೆ, ಬರೆಯಿತೆ, ತಿಳಿಯಿತೆ ಎಂದು ನೋಡಬೇಕಾದವರು ಮನೆಯವರೇ. ಅಲ್ಲಿ ಈ ಏರ್ಪಾಡು ಮೂರು ವಾರದೊಳಗೆ ಮುಗಿಯಿತು.

ನಮ್ಮಲ್ಲಿ ಅಷ್ಟು ಬೇಗ ಮುಗಿಯಲಿಲ್ಲ. 2020ರ ಮಾರ್ಚಿನಲ್ಲಿ ಮುಚ್ಚಿದ ಮುಂಬಯಿಯ ಶಾಲೆಗಳು ಎಂಟರಿಂದ ಹನ್ನೆರಡನೆಯ ತರಗತಿಯವರಿಗೆ ತೆರೆದದ್ದು 2021ರ ಅಕ್ಟೋಬರ್ 4ರಂದು; ಕಿರಿಯರಿಗೆ ಡಿಸೆಂಬರ್ 15ರಂದು. 2020ರ ಜೂನಿನಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಮಗು ತನ್ನ ತರಗತಿಯ ಬೆಂಚನ್ನು ಕಂಡದ್ದು ಎರಡನೆಯ ಇಯತ್ತೆಯ ನಡುವಿನಲ್ಲಿ! ಅಷ್ಟರವರೆಗೆ ಆ ಮಗುವಿಗೆ ಅಕ್ಷರ ತಿದ್ದಿಸಿದವರು ಯಾರು?

ನಮ್ಮ ಚಾಳಿನ ಅನೇಕ ಮನೆಗಳಲ್ಲಿ ಇದ್ದುದು ಒಂದೇ ಮೊಬೈಲು. ಅದು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು; ರಾತ್ರಿ ಅವನು ಬಂದ ಮೇಲೆ ಮಗುವಿನ ಪಾಠ. ಹಗಲಿಡೀ ಉಳಿದವರು ತಾಯಿ ಮತ್ತು ಮನೆಯ ಹಿರಿಯರು. ಮುದುಕರನ್ನು ಬೇರೆಯಾಗಿ ಇರಿಸಿರೆಂದು ವೈದ್ಯರು ಹೇಳುತ್ತಿದ್ದರು. ಒಂದೇ ಖೋಲಿಯ ಮನೆಯಲ್ಲಿ ಬೇರೆ ಎಂದರೆ ಎಲ್ಲಿ? ಯಾರಿಗೆ ಅಪಾಯ ಹೆಚ್ಚೋ ಅವರೇ ಮೊಮ್ಮಗನ ಪಕ್ಕದಲ್ಲಿ ಕುಳಿತು ಕಾಗುಣಿತ ಹೇಳಿಸಿದರು. ಅವರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ.

ಊರಿಗೆ ಹೊರಟುಹೋದ ಕುಟುಂಬಗಳ ಮಕ್ಕಳ ಪಾಡು ಬೇರೆ ತೆರನಾದುದು. ಕರ್ನಾಟಕದಲ್ಲಿ 2020ರ ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಯೋಜನೆ ಆರಂಭವಾಗಿ, ಶಿಕ್ಷಕರು ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಭಾರ ಮತ್ತೆ ಮನೆಯವರ ಮೇಲೆ ಬಂದಿತು.

ಇದು ಕೇವಲ ನಮ್ಮ ಅನುಭವವಲ್ಲ. 2020ರ ಸೆಪ್ಟೆಂಬರಿನಲ್ಲಿ 'ಅಸರ್' ಸಮೀಕ್ಷೆಯವರು ದೇಶದ ಹಳ್ಳಿಗಳ 52,000ಕ್ಕೂ ಹೆಚ್ಚು ಮನೆಗಳವರನ್ನು ದೂರವಾಣಿಯಲ್ಲಿ ವಿಚಾರಿಸಿದರು. ಆ ವಾರ ಶಾಲೆಯಿಂದ ಪಾಠಸಾಮಗ್ರಿ ತಲುಪಿದ್ದು ಸುಮಾರು ಮೂವರಲ್ಲಿ ಒಬ್ಬ ಮಗುವಿಗೆ ಮಾತ್ರ. ಮನೆಯವರ ನೆರವು ದೊರೆತದ್ದಾದರೋ ನಾಲ್ವರಲ್ಲಿ ಮೂವರಿಗೆ! ಹೆಚ್ಚು ಓದದ ತಂದೆತಾಯಿಗಳ ಮನೆಗಳಲ್ಲೂ ಅಕ್ಕನೋ ಅಣ್ಣನೋ ನೆರವಿಗೆ ಬಂದಿದ್ದರು.

ಇಲ್ಲಿ ಹೊರನಾಡಿನ ಕನ್ನಡಿಗರು ಯೋಚಿಸಬೇಕಾದ ಮಾತೊಂದಿದೆ. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳಲ್ಲಿ ಕನ್ನಡ ಮಾಧ್ಯಮವೂ ಉಂಟು. ಅಲ್ಲಿ ಓದುವ ಮಗುವಿನ ಪುಸ್ತಕವನ್ನು ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಜ್ಜಿಯೂ ಓದಿ ಹೇಳಬಲ್ಲಳು. ಇಂಗ್ಲಿಷ್ ಮಾಧ್ಯಮದ ಮೊಮ್ಮಗಳ ಪುಸ್ತಕದ ಮುಂದೆ ಅದೇ ಅಜ್ಜಿ ಮೂಕಿ. ಹಾಗಿದ್ದರೂ ಅವಳು ಸುಮ್ಮನೆ ಕೂರಲಿಲ್ಲವೆನ್ನಿ. ಬಾಯಿಪಾಠವಾಗಿದ್ದ ಮಗ್ಗಿಯನ್ನು, ಕಾಲು, ಅರೆ, ಮುಕ್ಕಾಲಿನ ಲೆಕ್ಕವನ್ನು ಕಲಿಸಿದಳು. ಪಾಠದ ಭಾಷೆ ಮನೆಯ ಭಾಷೆಯಾಗಿದ್ದರೆ ಮನೆ ಶಾಲೆಗೆ ಎಷ್ಟು ಹತ್ತಿರ ಎಂಬುದನ್ನು ಆ ಕಷ್ಟಕಾಲ ನಮಗೆ ತೋರಿಸಿಕೊಟ್ಟಿತು.

ಆದರೆ ಮನೆಯನ್ನು ಹೊಗಳುವ ಭರದಲ್ಲಿ ಶಾಲೆಯನ್ನು ಮರೆಯಬಾರದು. ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ ದೇಶದ ಹಳ್ಳಿಗಳಲ್ಲಿ 2018ರಲ್ಲಿ ಶೇಕಡಾ 27.3 ಇದ್ದುದು, 2022ರಲ್ಲಿ 20.5ಕ್ಕೆ ಇಳಿಯಿತು. ಮನೆಯವರು ಹಣತೆಯನ್ನು ಆರದಂತೆ ಕಾದರು. ಶಿಕ್ಷಕರ ಜಾಗವನ್ನು ಅವರು ತುಂಬಲಾರರು. ಶಾಲೆಗಳು ತೆರೆದ ಮೇಲೆ ಅದೇ ಹಿರಿಯರನ್ನು, ನಿಮಗೇನು ತಿಳಿಯುತ್ತದೆ ಎಂದು ನಾವು ಬದಿಗೆ ಸರಿಸಿದ್ದು ಮಾತ್ರ ನ್ಯಾಯವಲ್ಲ.

ಅಂದು ಮಗು ಕಾಗುಣಿತ ಬರೆದ ಹಳೆಯ ನೋಟು ಪುಸ್ತಕಗಳು ಕೆಲವರ ಮನೆಯಲ್ಲಿ ಇನ್ನೂ ಇರಬಹುದು. ಅವನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡೋಣ. ತಿದ್ದಿದ ಕೈ ಯಾರದೆಂದು ಮಕ್ಕಳನ್ನು ಕೇಳಿ, ಹೆಸರು, ಇಸವಿ ಬರೆದಿಡೋಣ. ನಮ್ಮ ಸಮಾಜದ ಇತಿಹಾಸದಲ್ಲಿ ಆ ಹೆಸರುಗಳೂ ಸೇರಬೇಕು.