ಅರಬೈಲು ಘಟ್ಟ, ಭಾವನ ವ್ಯಾನು ಮತ್ತು ಡೀಸೆಲ್ಲಿನ ಲೆಕ್ಕ

ಮೊನ್ನೆ ರಾತ್ರಿ ಊರಿಂದ ಭಾವ ಫೋನ್ ಮಾಡಿದ್ದ. ಕೊನೆಕೊಯ್ಲು, ಮಂಗನ ಕಾಟ ಎಲ್ಲ ವಿಚಾರಿಸಿ ಆದ ಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದ. "ಸೆಕೆಂಡ್ ಹ್ಯಾಂಡ್ ವ್ಯಾನ್ ಒಂದು ತಗಳವು ಹೇಳಿ ಇದ್ದಿ. ಎರಡು ನೋಡಿಟ್ಟಿದ್ದಿ. ಒಂದು ಡೀಸೆಲ್, ಒಂದು ಪೆಟ್ರೋಲ್. ಡೀಸೆಲ್ಲಿಗೆ ಒಂದು ಲಕ್ಷ ಜಾಸ್ತಿ. ಯಾವ್ದು ತಗಳ್ಳಿ, ಹೇಳು ಮಾರಾಯಾ."

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಾವನ ಧ್ವನಿ ಕೇಳಿಸಿತು. "ಘಟ್ಟದ ರಸ್ತೆಗೆ ಡೀಸೆಲ್ಲೇ ಸೈ. ಅದ್ರಲ್ಲಿ ಎಂತ ಕೇಳೂದು?"

ಮಾವನ ಈ ಗಟ್ಟಿ ನಂಬಿಕೆ ಎಲ್ಲಿಂದ ಬಂತು ಅಂತ ಅವತ್ತಿಂದ ಯೋಚಿಸುತ್ತಿದ್ದೇನೆ. ಅದಕ್ಕೊಂದು ಚರಿತ್ರೆಯೇ ಇದೆ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಅರಬೈಲು ಅಂದರೆ ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಘಟ್ಟ. ಮೊದಲು ರಾಷ್ಟ್ರೀಯ ಹೆದ್ದಾರಿ 63 ಅನ್ನುತ್ತಿದ್ದರು, ಈಗ 52. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಕುಮಟಾ, ಕಾರವಾರದ ಬಂದರುಗಳಿಗೆ ಇಳಿಸುವುದೇ ಬ್ರಿಟಿಷರಿಗೆ ದೊಡ್ಡ ಚಿಂತೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ವ್ಯವಹಾರ ಇತ್ತು. ಅಂದರೆ ಈ ಘಟ್ಟಗಳಲ್ಲಿ ಮೊದಲಿನಿಂದಲೂ ಪ್ರಶ್ನೆ ಒಂದೇ: ಭಾರ ಎಳೆಯುವುದು ಯಾರು, ಅದಕ್ಕೆ ಖರ್ಚೆಷ್ಟು? ಆಗ ಎತ್ತು, ಆಮೇಲೆ ಎಂಜಿನ್ನು.

ಮಹೀಂದ್ರಾ ಜೀಪುಗಳಿಗೆ ಶುರುವಿನಲ್ಲಿ ಇದ್ದದ್ದು ವಿಲ್ಲೀಸ್ ಪೆಟ್ರೋಲ್ ಎಂಜಿನ್ನು. ಸಿಕ್ಕಾಪಟ್ಟೆ ಪೆಟ್ರೋಲ್ ಕುಡಿಯುತ್ತಿತ್ತು. 1973ರ ತೈಲ ಬಿಕ್ಕಟ್ಟು ಬಂದಾಗ ಅದನ್ನು ಸಾಕುವುದು ಆನೆ ಸಾಕಿದ ಹಾಗಾಯಿತು. ಪೆಟ್ರೋಲ್ ಅಂದರೆ ಕಾರಿನವರ ಎಣ್ಣೆ, ಡೀಸೆಲ್ ಅಂದರೆ ಬಸ್ಸು, ಲಾರಿ, ಪಂಪ್‌ಸೆಟ್ಟಿನ ಎಣ್ಣೆ ಅಂತ ಸರ್ಕಾರ ಭಾಗ ಮಾಡಿ, ಡೀಸೆಲ್ ಬೆಲೆಯನ್ನು ಕೈಯಲ್ಲಿ ಹಿಡಿದು ಕೆಳಗೇ ಇಟ್ಟಿತು. ನಮ್ಮ ಕಡೆ ಬಜಾಜ್ ಟೆಂಪೋ ಕಂಪನಿಯ ಮೆಟಾಡೋರ್, ಆಮೇಲೆ ಟ್ರಾಕ್ಸ್ ಬಂದವು. ಟ್ರಾಕ್ಸಿನಲ್ಲಿದ್ದದ್ದು ಮರ್ಸಿಡಿಸ್‌ನವರ ಪರವಾನಗಿಯಲ್ಲಿ ಇಲ್ಲೇ ತಯಾರಿಸಿದ 2.4 ಲೀಟರಿನ ಡೀಸೆಲ್ ಎಂಜಿನ್ನು. ಒಳಗೆ ಕುರಿ ತುಂಬಿದ ಹಾಗೆ ಜನ, ಮೇಲೆ ಅಡಿಕೆ ಮೂಟೆ. ಆದರೂ ಗುಡುಗುಡು ಅನ್ನುತ್ತ ಘಟ್ಟ ಹತ್ತಿಬಿಡುತ್ತಿದ್ದವು.

ಹಾಗಾಗಿ ಮಾವನದು ಬರೀ ಮೂಢನಂಬಿಕೆ ಅಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗೇ ಇಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟಿನವರೆಗೂ ಒತ್ತಿ, ಆ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ನಿಧಾನಕ್ಕೆ ತಿರುಗುವಾಗಲೂ ಚೆನ್ನಾಗಿ ಎಳೆಯುತ್ತದೆ. ಇನ್ನೊಂದು ಲಾಭ ಮಲೆನಾಡಿನವರಿಗೇ ಗೊತ್ತು. ಆಷಾಢದ ಮಳೆಯಲ್ಲಿ ಹಳೇ ಪೆಟ್ರೋಲ್ ಗಾಡಿಯ ಡಿಸ್ಟ್ರಿಬ್ಯೂಟರ್ ಒದ್ದೆಯಾಯಿತೆಂದರೆ ಮುಗೀತು, ನಡುಘಟ್ಟದಲ್ಲಿ ಬಾನೆಟ್ ಎತ್ತಿ ಪಂಚೆಯ ತುದಿಯಲ್ಲಿ ಒರೆಸುತ್ತ ಕೂರಬೇಕು!

1984ರಲ್ಲಿ ಮಾರುತಿ ವ್ಯಾನ್ ಬಂತು. ಅದೇ ಮುಂದೆ ಓಮ್ನಿ ಆಯಿತು. 796 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್ನು, ಅದೂ ಮುಂದಿನ ಸೀಟಿನ ಕೆಳಗೆ. ಮದುವೆ, ಮುಂಜಿ, ಆಸ್ಪತ್ರೆ, ಎಲ್ಲದಕ್ಕೂ ಅದೇ. ಆದರೆ ಪೆಟ್ರೋಲ್ ದುಬಾರಿಯಲ್ಲವೇ? ಉಳಿಸುವುದಕ್ಕೆ ಜನ ಒಂದು ದಾರಿ ಕಂಡುಕೊಂಡಿದ್ದರು. ಘಟ್ಟದ ತಲೆಯಲ್ಲಿ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಟ್ಟು ಇಳಿಯುವುದು.

ನಾನು ಹೈಸ್ಕೂಲಿನಲ್ಲಿದ್ದಾಗ ಅಂಥ ಒಂದು ಬಾಡಿಗೆ ಓಮ್ನಿಯಲ್ಲಿ ಆಯಿಯ ಜೊತೆ ಅಂಕೋಲೆಗೆ ಹೊರಟಿದ್ದೆ. ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯಿತು, ಎರಡನೆಯದರಲ್ಲೂ ಹಿಡಿಯಿತು. ಮೂರನೆಯದಕ್ಕೆ ಪೆಡಲ್ ಕಲ್ಲಾಗಿತ್ತು. ಡ್ರೈವರ್ ಎದ್ದು ನಿಂತ ಹಾಗೆ ತುಳಿದ, ಹ್ಯಾಂಡ್‌ಬ್ರೇಕ್ ಎಳೆದ, ಕೊನೆಗೆ ಧರೆಯ ಬದಿಯ ಚರಂಡಿಗೆ ಇಳಿಸಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಆಯಿ ನನ್ನ ಕೈ ಹಿಡಿದಿದ್ದ ಹಿಡಿತ ಇನ್ನೂ ನೆನಪಿದೆ.

ಕಾರಣ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಕೆಲಸ ಮಾಡುವುದು ಓಡುವ ಎಂಜಿನ್ ಗಾಳಿ ಎಳೆಯುವುದರಿಂದ. ಎಂಜಿನ್ ಆಫ್ ಆದರೆ ಒಂದೆರಡು ಸಲ ತುಳಿಯುವಷ್ಟು ಮಾತ್ರ ಉಳಿದಿರುತ್ತದೆ. ತಮಾಷೆಯೆಂದರೆ, ಇಳಿಜಾರಿನಲ್ಲಿ ಗಾಡಿಯನ್ನು ಗೇರಿನಲ್ಲಿ ಹಿಡಿದು ನಿಲ್ಲಿಸುವ ವಿಷಯದಲ್ಲಿ ಪೆಟ್ರೋಲ್ ಎಂಜಿನ್ನೇ ಒಂದು ಕೈ ಮೇಲು. ಆಕ್ಸಿಲರೇಟರ್ ಬಿಟ್ಟಾಗ ಅದರ ಗಾಳಿಯ ದಾರಿ ಮುಚ್ಚಿಕೊಂಡು ಎಂಜಿನ್ ಬಿಗಿ ಹಿಡಿಯುತ್ತದೆ. ಹಳೇ ಡೀಸೆಲ್ಲಿನಲ್ಲಿ ಆ ಬಾಗಿಲೇ ಇಲ್ಲ. ದೊಡ್ಡ ಲಾರಿಗಳಿಗೆ ಬೇರೆ ಎಕ್ಸಾಸ್ಟ್ ಬ್ರೇಕ್ ಹಾಕುವುದು ಅದಕ್ಕೇ. ಪುಕ್ಕಟೆ ಸಿಗುತ್ತಿದ್ದ ಆ ಬ್ರೇಕನ್ನು ನಾವು ನಾಲ್ಕು ರೂಪಾಯಿಯ ಪೆಟ್ರೋಲಿಗಾಗಿ ಕಳೆದುಕೊಳ್ಳುತ್ತಿದ್ದೆವು.

ಇರಲಿ, ಬೆಲೆಯ ಕಥೆಗೆ ಬರೋಣ. ರೈತರಿಗೆ, ಬಸ್ಸಿಗೆ ಅಂತ ಅಗ್ಗ ಮಾಡಿದ ಡೀಸೆಲ್ ಬರೀ ಅವರಿಗೇ ಹೋಗಲಿಲ್ಲ. ಬಳ್ಳಾರಿ ಕಡೆಯಿಂದ ಬೇಲೆಕೇರಿ ಬಂದರಿಗೆ ಅದಿರು ಹೊತ್ತು ಇದೇ ಅರಬೈಲು ಇಳಿದ ಲಾರಿಗಳೂ ಅದನ್ನೇ ಕುಡಿದವು. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಹಿಡಿತ ಬಿಟ್ಟಿತು, ಡೀಸೆಲ್ಲಿನದು ಬಿಡಲಿಲ್ಲ. 2012ರ ಮೇ ಕೊನೆಗೆ ದಿಲ್ಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದ್ದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಡೀಸೆಲ್ ಕೊಳ್ಳದವನೇ ದಡ್ಡ ಅನ್ನುವ ಕಾಲ. 2013ರ ಜನವರಿಯಿಂದ ತಿಂಗಳಿಗಿಷ್ಟು ಪೈಸೆ ಅಂತ ಏರಿಸುತ್ತ ಬಂದು, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ಲನ್ನೂ ಬಿಟ್ಟರು. 2020ರ ಜೂನ್ 24ರಂದು ದಿಲ್ಲಿಯಲ್ಲಿ ಡೀಸೆಲ್ ಬೆಲೆ ಪೆಟ್ರೋಲನ್ನೇ ಮೀರಿತು! ಅದೇ ವರ್ಷ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದು ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದ್ದರು.

ಭಾವನಿಗೆ ಹೇಳಿದ ಲೆಕ್ಕ ಇದು. ಪೆಟ್ರೋಲ್ ವ್ಯಾನ್ ಲೀಟರಿಗೆ 15 ಕಿ.ಮೀ., ಡೀಸೆಲ್ 18 ಅಂತಿಟ್ಟುಕೊಳ್ಳಿ. 2012ರ ಆ ದರದಲ್ಲಿ ಡೀಸೆಲ್ಲಿನ ಖರ್ಚು ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಡೀಸೆಲ್ ತೆರಿಗೆ ಏರಿಸಿದ ನಂತರ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103, ಡೀಸೆಲ್ 91. ಕಿಲೋಮೀಟರಿಗೆ ಉಳಿಯುವುದು ಸುಮಾರು 1 ರೂಪಾಯಿ 80 ಪೈಸೆ. ಭಾವ ತಿಂಗಳಿಗೆ 800 ಕಿ.ಮೀ. ಓಡಿಸಿದರೆ ಆ ಹೆಚ್ಚಿನ ಒಂದು ಲಕ್ಷ ವಾಪಸ್ ಬರಲು ಆರು ವರ್ಷ ಬೇಕು. ಅಷ್ಟರಲ್ಲಿ ಒಂದು ಸಲ ಪಂಪು, ಇಂಜೆಕ್ಟರು ಕೈಕೊಟ್ಟರೆ ಉಳಿದದ್ದೆಲ್ಲ ಗ್ಯಾರೇಜಿನ ಪಾಲು. ತಿಂಗಳಿಗೆ 3000 ಕಿ.ಮೀ. ಬಾಡಿಗೆ ಹೊಡೆಯುವವರಿಗಾದರೆ ಒಂದೂವರೆ ವರ್ಷ ಸಾಕು, ಅವರಿಗೆ ಈಗಲೂ ಡೀಸೆಲ್ಲೇ.

ಮಾವ ಲೆಕ್ಕ ತಪ್ಪಿದ್ದಲ್ಲ. ಲೆಕ್ಕದೊಳಗಿನ ಸಂಖ್ಯೆಯನ್ನು ದಿಲ್ಲಿಯಲ್ಲಿ ಬದಲಿಸಿದರು, ಘಟ್ಟದ ಕೆಳಗಿನವರಿಗೆ ಸುದ್ದಿ ತಡವಾಗಿ ಮುಟ್ಟಿತು, ಅಷ್ಟೇ.

ಕೊನೆಗೆ ಇನ್ನೊಂದು ಮಾತೂ ಹೇಳಿದೆ. 2025ರ ಜನವರಿಯಲ್ಲಿ ಇದೇ ಘಟ್ಟದ ಗುಳ್ಳಾಪುರದ ಹತ್ತಿರ ಲಾರಿ ಉರುಳಿ, ಸವಣೂರಿನಿಂದ ಸಂತೆಗೆ ಹೊರಟಿದ್ದ ಹತ್ತು ಮಂದಿ ವ್ಯಾಪಾರಿಗಳು ತೀರಿಕೊಂಡರು. "ಯಾವ ಗಾಡಿಯಾದರೂ ತಗೊ ಭಾವಾ. ಮೊದಲು ಬ್ರೇಕು, ಟೈರು ನೋಡಿಸು. ಇಳಿಯುವಾಗ ಎಂಜಿನ್ ಆಫ್ ಮಾಡಬೇಡ, ಗೇರಿನಲ್ಲೇ ಇಳಿ."

"ಪೆಟ್ರೋಲೇ ತಗತ್ತಿ ಹಂಗಾರೆ" ಅಂದ ಭಾವ. ಮಾವ ಇನ್ನೂ ಒಪ್ಪಿಲ್ಲವಂತೆ :)

ನಿಮ್ಮ ಮನೆಗೆ ಬಂದ ಮೊದಲ ಗಾಡಿ ಯಾವ ಎಣ್ಣೆಯದಾಗಿತ್ತು?