ಆಪರೇಷನ್ ನಂತರ ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆಯೇ? ಟ್ರಮಡಾಲ್ ನಿಜಕ್ಕೂ 'ಮೈಲ್ಡ್' ಮಾತ್ರೆಯೇ?

ಗರ್ಭಕೋಶ ತೆಗೆಸಿಕೊಂಡವರಿಗೆ, ಸಿಸೇರಿಯನ್ ಆದವರಿಗೆ ಮನೆಯವರು ಹೇಳುವ ಮಾತೊಂದಿದೆ: ನೋವು ತಡೆದುಕೋ, ಆ ಇಂಜೆಕ್ಷನ್ ತೆಗೆದುಕೊಂಡರೆ ಚಟ ಹತ್ತುತ್ತದೆ. ಇದರ ಜೊತೆಗೇ ಇನ್ನೊಂದು ನಂಬಿಕೆ: ಮಾರ್ಫಿನ್ ಅಪಾಯ, ಟ್ರಮಡಾಲ್ ಆದರೆ ಪರವಾಗಿಲ್ಲ. ಮೊದಲನೆಯದು ಅರ್ಧ ಸತ್ಯ. ನಮಗೆ ಹೆಚ್ಚು ಚಿಂತೆ ಎರಡನೆಯದರ ಬಗ್ಗೆ.

ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಕೊಡೀನ್ ಎಲ್ಲವೂ ಓಪಿಯಾಯ್ಡ್ ಗುಂಪಿನ ಔಷಧಗಳು. ಚಟದ ಅಪಾಯ ಇರುವುದು ನಿಜ, ಆದರೆ ಅದು ದಿನಗಳು ಹೆಚ್ಚಾದಂತೆ ಏರುತ್ತದೆ. ಆಸ್ಪತ್ರೆಯಲ್ಲಿ ಒಂದೆರಡು ದಿನ ನಿಗಾದಲ್ಲಿ ಕೊಡುವಾಗ ಅದು ತೀರಾ ಕಡಿಮೆ. ನೋವು ನುಂಗಿಕೊಂಡು ಮಲಗುವುದರಿಂದಲೂ ತೊಂದರೆ ಇದೆ. ಆಳವಾಗಿ ಉಸಿರಾಡಲು, ಎದ್ದು ಓಡಾಡಲು ಹೆದರಿದರೆ ಎದೆಯಲ್ಲಿ ಕಫ ಕಟ್ಟಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಫೆಂಟನಿಲ್ ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲ. ಹಾಗಾಗಿ ಅದನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಬೇಗ ಕೆಲಸ ಮಾಡಿ ಬೇಗ ಇಳಿಯುತ್ತದೆ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಅರಿವಳಿಕೆಯಲ್ಲೇ ಚೂರು ಮಾರ್ಫಿನ್ ಸೇರಿಸಿದರೆ ಸುಮಾರು ಒಂದು ದಿನ ನೋವು ಹಿಡಿತದಲ್ಲಿರುತ್ತದೆ. ಮೈ ತುರಿಕೆ, ವಾಕರಿಕೆ ಬರಬಹುದು. ಉಸಿರಾಟ ನಿಧಾನವಾಗದಂತೆ ನರ್ಸ್‌ಗಳು ಗಮನಿಸುತ್ತಿರುತ್ತಾರೆ.

ಇನ್ನು ಆ 'ಮೈಲ್ಡ್' ಮಾತ್ರೆಗಳು. ಕೊಡೀನ್ ನಮ್ಮ ಲಿವರ್‌ನಲ್ಲಿ ಮಾರ್ಫಿನ್ ಆಗಿ ಬದಲಾದ ಮೇಲೆಯೇ ನೋವು ತಗ್ಗುವುದು. ಟ್ರಮಡಾಲ್ ಕೂಡ ಲಿವರ್‌ನಲ್ಲಿ ಬದಲಾಗಿಯೇ ಪೂರ್ತಿ ಶಕ್ತಿ ಪಡೆಯುತ್ತದೆ. ಈ ಕೆಲಸ ಮಾಡುವ ಕಿಣ್ವ, ಸಿವೈಪಿ2ಡಿ6, ಹುಟ್ಟಿನಿಂದಲೇ ಕೆಲವರಲ್ಲಿ ಮಂದ, ಕೆಲವರಲ್ಲಿ ಅತಿ ಚುರುಕು. ಒಂದೇ ಮಾತ್ರೆ ಒಬ್ಬರಿಗೆ ತಾಗುವುದೇ ಇಲ್ಲ, ಇನ್ನೊಬ್ಬರಿಗೆ ಅತಿಯಾಗುತ್ತದೆ. ಯಾರು ಯಾವ ಬಗೆ ಎಂದು ನೋಡಿ ಹೇಳಲಾಗದು. ತಾಯಿಯ ಕಿಣ್ವ ಅತಿ ಚುರುಕಾಗಿದ್ದರೆ ಎದೆಹಾಲಿನ ಮೂಲಕ ಮಗುವಿಗೂ ಹೆಚ್ಚು ಔಷಧ ಸೇರಬಹುದು. ಹಾಲುಣಿಸುವ ತಾಯಂದಿರು ಈ ಎರಡನ್ನೂ ಬಳಸಬಾರದೆಂದು ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಸಿತು. ಟ್ರಮಡಾಲ್‌ನಿಂದ ಫಿಟ್ಸ್ ಬರಬಹುದು, ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಅದು ಅಪಾಯಕಾರಿ. ಭಾರತದಲ್ಲಿ 2018ರಿಂದ ಅದು ಎನ್‌ಡಿಪಿಎಸ್ ಕಾಯ್ದೆಯಡಿ ಇದೆ.

ಹಾಗಾದರೆ ದಾರಿ? ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ತರಹದ ಮಾತ್ರೆಯನ್ನು, ನೋವು ಏರುವವರೆಗೆ ಕಾಯದೆ, ವೈದ್ಯರು ಹೇಳಿದ ಗಂಟೆಗೆ ತೆಗೆದುಕೊಳ್ಳುವುದು. ಸಾಲದಿದ್ದರೆ ಮಾತ್ರ ಓಪಿಯಾಯ್ಡ್, ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರಿಗೆ ಐಬುಪ್ರೊಫೆನ್ ಹೊಂದುವುದಿಲ್ಲ, ಮೊದಲೇ ಹೇಳಿ. ಟ್ರಮಡಾಲ್‌ನ ಹಲವು ಬ್ರ್ಯಾಂಡ್‌ಗಳಲ್ಲಿ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಸ್ಟ್ರಿಪ್ ಓದದೆ ಎರಡನ್ನೂ ನುಂಗಿದರೆ ಡಬಲ್ ಡೋಸ್ ಆದೀತು. ಓಪಿಯಾಯ್ಡ್‌ಗಳಿಂದ ಮಲಬದ್ಧತೆ ಸಾಮಾನ್ಯ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಮುಕ್ಕುವುದು ಯಾತನೆ, ಅದಕ್ಕೂ ಔಷಧ ಕೇಳಿ ಪಡೆಯಿರಿ.

ಮನೆಗೆ ಬಂದ ಮೇಲೆ ಬಾಣಂತಿಯನ್ನು ಎಬ್ಬಿಸುವುದೇ ಕಷ್ಟವಾದರೆ, ಮಗು ಎಂದಿಗಿಂತ ಹೆಚ್ಚು ನಿದ್ದೆ ಮಾಡುತ್ತಾ ಹಾಲು ಕುಡಿಯದಿದ್ದರೆ, ಮೈ ಸಡಿಲಬಿಟ್ಟರೆ, ಉಸಿರಾಟ ಬದಲಾದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮಾತ್ರೆಯ ಸ್ಟ್ರಿಪ್ ಜೊತೆಗೇ ಒಯ್ಯಿರಿ.