ಆಘಾತವೋ ಮಾತ್ರೆಯೋ: ಡಿಸ್ಲೆಕ್ಸಿಯಾದ ಲಯಸಿದ್ಧಾಂತವನ್ನು ಕನ್ನಡದಿಂದ ನೋಡಿದಾಗ

ನರವಿಕಾಸಕ್ಕೆ ಸಂಬಂಧಿಸಿದ ಸ್ಥಿತಿಗಳಲ್ಲಿ ಭಾಷೆಯ ತೊಡಕೂ ಲಯದ ತೊಡಕೂ ಹಲವು ಸಲ ಜೊತೆಯಾಗಿ ಕಾಣಿಸಿಕೊಳ್ಳುತ್ತವೆ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಮಾತು. ಡಿಸ್ಲೆಕ್ಸಿಯಾ ಇರುವ ಮಕ್ಕಳು ಕೇಳಿದ ತಾಳಕ್ಕೆ ಬೆರಳು ತಟ್ಟುವಾಗ ಹೆಚ್ಚು ತಪ್ಪುತ್ತಾರೆಂದು ಜೆನಿಫರ್ ಥಾಮ್ಸನ್ ಮತ್ತು ಉಷಾ ಗೋಸ್ವಾಮಿ 2008ರಲ್ಲಿ ತೋರಿಸಿದರು. ಭಾಷಾವಿಕಾಸದ ತೊಡಕಿರುವ ಮಕ್ಕಳಲ್ಲೂ ಇಂಥದೇ ಫಲಿತಾಂಶ 2009ರಲ್ಲಿ ಬಂತು. ಕ್ರಮಬದ್ಧವಾದ ತಾಳವನ್ನು ಮೊದಲು ಕೇಳಿಸಿ, ಬಳಿಕ ವಾಕ್ಯ ಸರಿಯೋ ತಪ್ಪೋ ಎಂದು ಕೇಳಿದರೆ ಇಂಥ ಮಕ್ಕಳ ಉತ್ತರ ಸುಧಾರಿಸುತ್ತದೆಂದು ಫ್ರಾನ್ಸಿನ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಲಯದ ಗ್ರಹಿಕೆಯ ಕೊರತೆಯನ್ನು ಮಾತು ಮತ್ತು ಭಾಷೆಯ ತೊಡಕುಗಳೆಲ್ಲಕ್ಕೂ ಒಂದು ಅಪಾಯಸೂಚಿಯೆಂದು ಪರಿಗಣಿಸಬಹುದೆ ಎಂಬ ಪ್ರಶ್ನೆಯನ್ನು ಲಡಾನ್ಯಿ, ಗೋರ್ಡನ್ ಮೊದಲಾದವರು 2020ರಲ್ಲಿ ಎತ್ತಿದ್ದಾರೆ. ಇಷ್ಟರ ಬಗ್ಗೆ ನನಗೆ ತಕರಾರಿಲ್ಲ. ಲಯದ ಯಾವ ಅಂಶವನ್ನು ಹಿಡಿಯಲು ಆ ಮಗುವಿಗೆ ಕಷ್ಟವಾಗುತ್ತದೆ ಎಂಬಲ್ಲಿ ತಕರಾರಿದೆ. ಇಂಗ್ಲಿಷಿನ ನೆಲದಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ ಕನ್ನಡಕ್ಕೆ ಹಾಗೆಯೇ ಒಪ್ಪುವುದಿಲ್ಲ ಎಂಬುದು ಈ ಲೇಖನದ ವಾದ.

ಗೋಸ್ವಾಮಿಯವರ ಸಿದ್ಧಾಂತವನ್ನು ಚಿಕ್ಕದಾಗಿ ಹೇಳಬೇಕು. ಪ್ರತಿ ಅಕ್ಷರದ ಉಚ್ಚಾರಣೆಯಲ್ಲೂ ಧ್ವನಿ ತಗ್ಗಿನಿಂದ ಪೂರ್ಣ ಬಲಕ್ಕೆ ಏರುತ್ತದೆ. ಆ ಏರಿಕೆಗೆ ತಗಲುವ ಸಮಯವನ್ನು ಇಲ್ಲಿ ಏರುಕಾಲ ಎಂದು ಕರೆಯುತ್ತೇನೆ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಏರುಕಾಲದ ವ್ಯತ್ಯಾಸಗಳು ಚೆನ್ನಾಗಿ ತಿಳಿಯುವುದಿಲ್ಲ ಎಂಬುದು 2002ರಲ್ಲಿ ಅವರ ತಂಡ ಮಂಡಿಸಿದ ಮಾತು. 2011ರಲ್ಲಿ ಇದು ವಿಸ್ತಾರವಾದ ಸಿದ್ಧಾಂತವಾಯಿತು. ಮಿದುಳಿನ ಶ್ರವಣಭಾಗ ಮಾತಿನ ನಿಧಾನಗತಿಯ ಏರಿಳಿತಗಳಿಗೆ, ಅದರಲ್ಲೂ ಸೆಕೆಂಡಿಗೆ ಸುಮಾರು ಎರಡರಂತೆ ಬರುವ ಆಘಾತಯುಕ್ತ (ಎಂದರೆ ಒತ್ತಿ ನುಡಿದ) ಅಕ್ಷರಗಳಿಗೆ, ಹೊಂದಿಕೊಂಡು ಮಿಡಿಯಬೇಕು. ಈ ಹೊಂದಾಣಿಕೆ ಸಡಿಲವಾದರೆ ಪದದ ಧ್ವನಿರೂಪ ಮನಸ್ಸಿನಲ್ಲಿ ಸ್ಪಷ್ಟವಾಗಿ ನಿಲ್ಲುವುದಿಲ್ಲ. ಧ್ವನಿರೂಪ ಸ್ಪಷ್ಟವಿಲ್ಲದಿದ್ದರೆ ಓದು ಹಿಡಿತಕ್ಕೆ ಬರುವುದಿಲ್ಲ. ಇದು ಸುಂದರವಾದ ಸಿದ್ಧಾಂತ. ಓದಿನ ತೊಡಕನ್ನು ಕಣ್ಣಿನ ದೋಷವೆಂದೋ ಸೋಮಾರಿತನವೆಂದೋ ಬಗೆಯುತ್ತಿದ್ದ ಕಾಲದಿಂದ ಇಲ್ಲಿಗೆ ಬಂದಿರುವುದು ಸಣ್ಣ ಸಾಧನೆಯಲ್ಲ.

ಸೆಕೆಂಡಿಗೆ ಎರಡು ಎಂಬ ಲೆಕ್ಕಕ್ಕೆ ಆಧಾರ ರೆಬೆಕಾ ಡೌವರ್ 1983ರಲ್ಲಿ ಪ್ರಕಟಿಸಿದ ಅಧ್ಯಯನ. ಇಂಗ್ಲಿಷ್, ಥಾಯ್, ಸ್ಪ್ಯಾನಿಷ್, ಇಟಾಲಿಯನ್, ಗ್ರೀಕ್ ಭಾಷೆಗಳಲ್ಲಿ ಒಂದು ಆಘಾತಕ್ಕೂ ಇನ್ನೊಂದಕ್ಕೂ ನಡುವೆ ಹೆಚ್ಚುಕಡಿಮೆ ಅರ್ಧ ಸೆಕೆಂಡು ಅಂತರವಿರುತ್ತದೆಂದು ಅವರು ಕಂಡುಕೊಂಡರು. ಈ ಪಟ್ಟಿಯಲ್ಲಿ ದ್ರಾವಿಡ ಭಾಷೆಗಳಿಲ್ಲ. ಕನ್ನಡದಲ್ಲಿ ಪದದ ಮೊದಲ ಅಕ್ಷರಕ್ಕೆ ಅಷ್ಟಿಷ್ಟು ಬಲ ಬೀಳುವುದುಂಟು. ಆದರೆ ಅದರಿಂದ ಅರ್ಥ ಬದಲಾಗುವುದಿಲ್ಲ. ಅರ್ಥವನ್ನು ಬದಲಿಸುವುದು ಕಾಲಪ್ರಮಾಣ. ನಡು ಬೇರೆ, ನಾಡು ಬೇರೆ. ಕತೆ ಬೇರೆ, ಕತ್ತೆ ಬೇರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಸ್. ಆರ್. ಸಾವಿತ್ರಿ ಮತ್ತು ಅವರ ಸಹೋದ್ಯೋಗಿಗಳು ಅಕ್ಷರಗಳ ಕಾಲಾವಧಿಯನ್ನು ಅಳೆದು, ಕನ್ನಡವನ್ನು ಮಾತ್ರಾಲಯದ ಭಾಷೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಭಾಷೆಗಳನ್ನು ಹೀಗೆ ಲಯವರ್ಗಗಳಾಗಿ ಹಂಚುವ ಪದ್ಧತಿಯನ್ನೇ ಅಮಾಲಿಯಾ ಅರ್ವಾನಿಟಿಯಂಥವರು ಬಲವಾಗಿ ಪ್ರಶ್ನಿಸಿರುವುದರಿಂದ ನನ್ನ ವಾದವನ್ನು ಆ ವರ್ಗೀಕರಣದ ಮೇಲೆ ನಿಲ್ಲಿಸುವುದಿಲ್ಲ. ಹ್ರಸ್ವ–ದೀರ್ಘ, ಒಂಟಿ–ದ್ವಿತ್ವ ಎಂಬ ಭೇದ ಕನ್ನಡದಲ್ಲಿ ಅರ್ಥವನ್ನು ಹೊರುತ್ತದೆ ಎಂಬ ನಿರ್ವಿವಾದ ಸಂಗತಿ ಸಾಕು.

ಈಗ ವಿವಾದದ ತಿರುಳಿಗೆ ಬರೋಣ. ಸಂಗೀತದ ಲಯಕ್ಕೂ ಓದಿಗೂ ಇರುವ ನಂಟಿಗೆ ಅತಿ ಹೆಚ್ಚು ಉಲ್ಲೇಖಿತವಾಗುವ ಸಾಕ್ಷ್ಯ ಮಾರ್ಟಿನಾ ಹುಸ್, ಗೋಸ್ವಾಮಿ ಮತ್ತಿತರರು 2011ರಲ್ಲಿ ಪ್ರಕಟಿಸಿದ, 64 ಮಕ್ಕಳನ್ನು ಒಳಗೊಂಡ ಅಧ್ಯಯನ. ಸಂಗೀತದ ಲಯವಿನ್ಯಾಸವನ್ನು ಗುರುತಿಸುವ ಸಾಮರ್ಥ್ಯ, ವಯಸ್ಸು ಮತ್ತು ಬುದ್ಧಿಮತ್ತೆ ಸೇರಿ ಓದಿನ ಸಾಮರ್ಥ್ಯದಲ್ಲಿ ಕಂಡ ವ್ಯತ್ಯಾಸದ 60 ಪ್ರತಿಶತಕ್ಕೂ ಹೆಚ್ಚು ಭಾಗವನ್ನು ವಿವರಿಸಿದವು. ಈ ಸಂಖ್ಯೆ ಎಲ್ಲೆಡೆ ಉಲ್ಲೇಖವಾಗುತ್ತದೆ. ಪರೀಕ್ಷೆ ಹೇಗಿತ್ತೆಂಬುದನ್ನು ಅಷ್ಟು ಗಮನಿಸಿದಂತಿಲ್ಲ. 500 ಮಿಲಿಸೆಕೆಂಡಿನ ನಡೆಯಲ್ಲಿ, ನಾಲ್ಕರ ಅಥವಾ ಮೂರರ ಎಣಿಕೆಯಲ್ಲಿ ಸ್ವರಗಳ ಒಂದು ಸಾಲನ್ನು ಮಗುವಿಗೆ ಕೇಳಿಸುತ್ತಾರೆ. ಬಳಿಕ ಎರಡನೆಯ ಸಾಲು. ಎರಡೂ ಒಂದೇ ಆಗಿದ್ದವೋ ಬೇರೆಯೋ ಎಂದು ಮಗು ಹೇಳಬೇಕು. ಬೇರೆ ಎನ್ನುವಲ್ಲಿ ಬದಲಾಗಿದ್ದೇನು? ಆಘಾತವಿರುವ ಸ್ವರವನ್ನು 100 ಅಥವಾ 166 ಮಿಲಿಸೆಕೆಂಡು ಹಿಗ್ಗಿಸಲಾಗಿತ್ತು.

ಎಂದರೆ, ಆಘಾತದ ಗ್ರಹಿಕೆಯ ಪರೀಕ್ಷೆ ಎಂದು ಕರೆದದ್ದರಲ್ಲಿ ನಿಜವಾಗಿ ಬದಲಾದದ್ದು ಸ್ವರದ ಉದ್ದ. ಮಗು ಲಯವಿನ್ಯಾಸ ಕದಲಿದ್ದನ್ನು ಕೇಳಿ ಉತ್ತರಿಸಿರಬಹುದು. ಒಂದು ಸ್ವರ ಎಳೆದುಕೊಂಡದ್ದನ್ನಷ್ಟೇ ಕೇಳಿಯೂ ಉತ್ತರಿಸಿರಬಹುದು. ಇಂಗ್ಲಿಷ್ ಕಿವಿಗೆ ಈ ಎರಡರ ನಡುವೆ ದೊಡ್ಡ ಅಂತರ ತೋರದು, ಏಕೆಂದರೆ ಆ ಭಾಷೆಯಲ್ಲಿ ಆಘಾತ ಬಿದ್ದ ಅಕ್ಷರವೇ ಉದ್ದವಾಗುತ್ತದೆ, ಬಲವಾಗುತ್ತದೆ, ಕೆಲವೊಮ್ಮೆ ಏರುದನಿಯಲ್ಲೂ ಇರುತ್ತದೆ. ಮೂರೂ ಕಲಸಿಹೋಗಿರುವ ಭಾಷೆಯನ್ನು ಆಡುವವರಲ್ಲಿ ಅವುಗಳನ್ನು ಬಿಡಿಸಿ ನೋಡುವುದು ಕಷ್ಟ. ಕನ್ನಡದಲ್ಲಿ ಅವು ಬೇರೆಯಾಗಿಯೇ ಇವೆ. ‘ಕನ್ನಡ’ ಎಂಬ ಪದದಲ್ಲಿ ‘ಕ’ ಗುರುವಾಗುವುದು ಗಟ್ಟಿಯಾಗಿ ಹೇಳಿದ್ದರಿಂದಲ್ಲ, ಮುಂದೆ ದ್ವಿತ್ವವಿರುವುದರಿಂದ. ಪಿಸುಮಾತಿನಲ್ಲಿ ಹೇಳಿದರೂ ಅದು ಗುರುವೇ.

ನನ್ನ ಪ್ರತಿಪಾದನೆ ಇದು: ಕನ್ನಡ ಮಾತಾಡುವ ಮಕ್ಕಳಲ್ಲಿ ಓದಿನ ತೊಡಕಿಗೆ ಲಯದ ಬೇರು ಇದ್ದರೆ, ಅದನ್ನು ಆಘಾತದಲ್ಲಿ ಹುಡುಕುವುದಕ್ಕಿಂತ ಮೊದಲು ಮಾತ್ರೆಯಲ್ಲಿ ಹುಡುಕಬೇಕು. ‘ಇದ್ದರೆ’ ಎಂಬ ಷರತ್ತನ್ನು ಓದುಗರು ಮರೆಯಬಾರದು. ಕನ್ನಡದ ಮಟ್ಟಿಗೆ ಅಕ್ಷರಜ್ಞಾನವೇ ನಿಧಾನವಾಗಿ, ಪ್ರಾಥಮಿಕ ಶಾಲೆಯ ಹಲವು ವರ್ಷಗಳ ಮೇಲೆ ಹರಡಿಕೊಂಡು ಬರುತ್ತದೆಂದು ಸೊನಾಲಿ ನಾಗ್ 2007ರಲ್ಲಿ ತೋರಿಸಿದ್ದಾರೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ಕಲಿಯಬೇಕಾದ ಲಿಪಿಚಿಹ್ನೆಗಳು ಹಲವು ನೂರು. ಈ ಹೊರೆಯೇ ಓದನ್ನು ನಿಧಾನಗೊಳಿಸಬಲ್ಲದು. ಲಯವನ್ನು ಏಕೈಕ ಕಾರಣವೆಂದು ನಾನು ಹೇಳುತ್ತಿಲ್ಲ.

ನನ್ನ ಪ್ರತಿಪಾದನೆಗೆ ಬೆಂಬಲ ಫಿನ್‌ಲ್ಯಾಂಡಿನಿಂದ ಬರುತ್ತದೆ. ಯುವಾಸ್ಕುಲಾ ವಿಶ್ವವಿದ್ಯಾಲಯದ ದೀರ್ಘಕಾಲೀನ ಅಧ್ಯಯನದಲ್ಲಿ, ಮನೆತನದಲ್ಲಿ ಡಿಸ್ಲೆಕ್ಸಿಯಾ ಇದ್ದ ಆರು ತಿಂಗಳ ಕೂಸುಗಳಿಗೆ ‘ಅತಾ’, ‘ಅತ್ತಾ’ಗಳಂಥ ಧ್ವನಿಗಳನ್ನು ಕೇಳಿಸಿ, ನಡುವಿನ ಮೌನವನ್ನು ಹಂತಹಂತವಾಗಿ ಹಿಗ್ಗಿಸಿ, ಕೂಸು ಯಾವಾಗ ತಲೆ ತಿರುಗಿಸುತ್ತದೆಂದು ನೋಡಿದರು. ಅಪಾಯವಿದ್ದ ಕೂಸುಗಳಿಗೆ ‘ಅತ್ತಾ’ ಎಂದು ಕೇಳಿಸಲು ಮೌನ ಇನ್ನೂ ಉದ್ದವಾಗಬೇಕಾಯಿತು. ರಿಚರ್ಡ್‌ಸನ್, ಲೆಪ್ಪಾನೆನ್, ಲ್ಯೂತಿನೆನ್ ಮೊದಲಾದವರು ಇದನ್ನು 2003ರಲ್ಲಿ ಪ್ರಕಟಿಸಿದರು. ಕತೆ–ಕತ್ತೆಗಳ ನಡುವಿನ ಭೇದ ಇದಕ್ಕಿಂತ ಬೇರೆಯಲ್ಲ: ನಾಲಿಗೆ ಹಲ್ಲಿಗೆ ತಗಲಿ ಎಷ್ಟು ಹೊತ್ತು ನಿಂತಿತು ಎಂಬುದೇ ಅಲ್ಲಿಯೂ ನಿರ್ಣಾಯಕ. ಓದಲು ಇನ್ನೂ ಐದಾರು ವರ್ಷ ಇರುವಾಗಲೇ, ಲಿಪಿಯ ಸೋಂಕೇ ಇಲ್ಲದ ಕೂಸಿನಲ್ಲಿ ಈ ಭೇದ ಕಂಡಿತು ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ಇದಕ್ಕೆ ಬರಬಹುದಾದ ಬಲವಾದ ಆಕ್ಷೇಪವನ್ನು ನಾನೇ ಎತ್ತುತ್ತೇನೆ. ನಮ್ಮ ಶಾಲೆಗಳ ಉಕ್ತಲೇಖನದ ಪುಸ್ತಕ ತೆರೆದರೆ ಕೆಂಪು ಶಾಯಿ ಹೆಚ್ಚಾಗಿ ಬಿದ್ದಿರುವುದು ದೀರ್ಘ ಬಿಟ್ಟಲ್ಲಿ, ಒತ್ತು ಬಿಟ್ಟಲ್ಲಿ. ಮೇಷ್ಟ್ರುಗಳಿಗೆಲ್ಲ ಇದು ಗೊತ್ತು. ನನ್ನ ವಾದಕ್ಕೆ ಇದು ಅನುಕೂಲವಾಗಿ ಕಾಣುತ್ತದೆ. ಆದರೆ ಕನ್ನಡ ಲಿಪಿಯಲ್ಲಿ ದೀರ್ಘದ ಗುರುತು ಅಕ್ಷರದ ಬಾಲದಲ್ಲಿ ಅಂಟಿಕೊಂಡಿರುತ್ತದೆ, ಒತ್ತಕ್ಷರ ಕೆಳಗೆ ಚಿಕ್ಕದಾಗಿ ಕೂತಿರುತ್ತದೆ. ಮಗು ಬಿಟ್ಟದ್ದು ಕಿವಿ ತಪ್ಪಿದ್ದರಿಂದಲೋ ಕಣ್ಣು ತಪ್ಪಿದ್ದರಿಂದಲೋ? ಕಣ್ಣಿನದೇ ತಪ್ಪು ಎನ್ನುವವರಿಗೆ ಫಿನ್ನಿಷ್ ಬರಹ ಒಂದು ಸಮಸ್ಯೆ. ಅಲ್ಲಿ ದ್ವಿತ್ವವೆಂದರೆ ಅದೇ ಅಕ್ಷರವನ್ನು ಎರಡು ಸಲ, ಅದೇ ಗಾತ್ರದಲ್ಲಿ, ಅದೇ ಸಾಲಿನಲ್ಲಿ ಬರೆಯುವುದು. ಹಾಗಿದ್ದೂ ಡಿಸ್ಲೆಕ್ಸಿಯಾ ಇರುವ ಫಿನ್ನಿಷ್ ಮಕ್ಕಳ ಬರಹದ ತಪ್ಪುಗಳಲ್ಲಿ ಉದ್ದದ ತಪ್ಪುಗಳದೇ ಮೇಲುಗೈ. ಜಪಾನಿನಲ್ಲೂ ಓದು ತೊಡಕಾಗಿರುವ ಮಕ್ಕಳು ಎಡವುವುದು ದೀರ್ಘಸ್ವರ, ದ್ವಿತ್ವಗಳಂಥ ವಿಶೇಷ ಮಾತ್ರೆಗಳಲ್ಲಿ. ಲಿಪಿಗಳು ಮೂರು ಬಗೆ, ಎಡವುವ ಜಾಗ ಒಂದೇ.

ಕನ್ನಡದೊಳಗೇ ಇದನ್ನು ಪರೀಕ್ಷಿಸಲು ನಮ್ಮ ಲಿಪಿ ಒಂದು ಒಳ್ಳೆಯ ಅವಕಾಶ ಕೊಟ್ಟಿದೆ. ‘ಕತ್ತೆ’ಯ ಸಜಾತೀಯ ಒತ್ತೂ ‘ಭಕ್ತಿ’ಯ ವಿಜಾತೀಯ ಒತ್ತೂ ಕಣ್ಣಿಗೆ ಒಂದೇ: ಎರಡರಲ್ಲೂ ಕೆಳಗೆ ಕೂತದ್ದು ತವತ್ತು. ಕಿವಿಗೆ ಒಂದೇ ಅಲ್ಲ. ‘ಭಕ್ತಿ’ಯಲ್ಲಿ ತಕಾರ ಬಿಟ್ಟರೆ ಒಂದು ಧ್ವನಿಯೇ ಹೋಗುತ್ತದೆ, ‘ಕತ್ತೆ’ಯಲ್ಲಿ ಬಿಟ್ಟರೆ ಹೋಗುವುದು ಕಾಲ ಮಾತ್ರ. ಕಣ್ಣಿನ ದೋಷವಾದರೆ ಎರಡೂ ಸಮನಾಗಿ ಬಿಟ್ಟುಹೋಗಬೇಕು, ಮತ್ತು ನೋಡಿ ಬರೆಯುವಾಗಲೂ ಬಿಟ್ಟುಹೋಗಬೇಕು. ಮಾತ್ರೆಯ ದೋಷವಾದರೆ ಸಜಾತೀಯ ಒತ್ತು ಹೆಚ್ಚು ಬಿಟ್ಟುಹೋಗಬೇಕು, ಅದೂ ಉಕ್ತಲೇಖನದಲ್ಲಿ. ಇಲ್ಲಿ ಇನ್ನೊಂದು ಎಚ್ಚರ ಬೇಕು. ‘ಬರುತ್ತಾನೆ’ ಎಂಬುದನ್ನು ‘ಬರ್ತಾನೆ’ ಎನ್ನುವ ಮನೆಯಿಂದ ಬಂದ ಮಗು ಮನೆಮಾತಿನಂತೆ ಬರೆದರೆ ಅದನ್ನು ಶ್ರವಣದೋಷವೆಂದು ಎಣಿಸುವುದು ಅನ್ಯಾಯ. ಪದಗಳನ್ನು ಆರಿಸುವಾಗ ಆಯಾ ಪ್ರದೇಶದ ಆಡುಮಾತನ್ನು ನೋಡಿಯೇ ಆರಿಸಬೇಕು.

ಬರಹದ ಒತ್ತೂ ಕಿವಿಯ ತೂಕವೂ ಸದಾ ಒಂದೇ ಆಗಿರುವುದಿಲ್ಲ ಎಂಬ ತಿಳಿವಳಿಕೆ ಕನ್ನಡ ವ್ಯಾಕರಣಕ್ಕೆ ಹೊಸದೇನಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಶಿಥಿಲದ್ವಿತ್ವವನ್ನು ಚರ್ಚಿಸಿದ್ದಾನೆ: ಒತ್ತಕ್ಷರವಿದ್ದರೂ ಉಚ್ಚಾರ ಸಡಿಲವಾದ್ದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವ ಸಂದರ್ಭ ಅದು. ಗುರು ಯಾವುದು, ಲಘು ಯಾವುದು ಎಂಬುದನ್ನು ಕಿವಿಯೇ ತೀರ್ಮಾನಿಸಬೇಕೆಂಬ ನಿಲುವು ಇದರ ಹಿಂದಿದೆ.

ಹುಸ್ ಮತ್ತಿತರರ ಪರೀಕ್ಷೆಯನ್ನು ಕನ್ನಡಕ್ಕೆ ತರುವುದಾದರೆ ಅವರ ಸ್ವರಸಾಲನ್ನು ಎರವಲು ತರುವ ಅಗತ್ಯವಿಲ್ಲ. ಭಾಮಿನಿ ಷಟ್ಪದಿಯ ಮೂರು–ನಾಲ್ಕರ ನಡೆ ನಮ್ಮ ಕಿವಿಗೆ ಗಮಕದಿಂದ ಪರಿಚಿತ. ‘ತನನ ತನನನ’ ಎಂಬುದನ್ನು ಅರ್ಥವಿಲ್ಲದ ಧ್ವನಿಯಾಗಿ ಕೇಳಿಸಬಹುದು. ‘ತಾನನ ತನನನ’ ಎಂದರೆ ಒಂದು ಮಾತ್ರೆ ಹೆಚ್ಚಾಗಿ ನಡೆ ಮುರಿಯುತ್ತದೆ. ‘ತಾನ’ವನ್ನು ‘ತನಾ’ ಮಾಡಿದರೆ ಅಕ್ಷರಗಳೂ ಎರಡೇ, ಮಾತ್ರೆಗಳೂ ಮೂರೇ, ಉದ್ದದ ಜಾಗ ಮಾತ್ರ ಬದಲು. ಇನ್ನೊಂದರಲ್ಲಿ ಉದ್ದವನ್ನು ಮುಟ್ಟದೆ ಒಂದು ಅಕ್ಷರವನ್ನಷ್ಟೇ ಥಟ್ಟನೆ ಗಟ್ಟಿಯಾಗಿ ನುಡಿಸಬಹುದು. ಗೋಸ್ವಾಮಿಯವರ ಸಿದ್ಧಾಂತ ಕನ್ನಡಕ್ಕೆ ಹಾಗೆಯೇ ಸಲ್ಲುವುದಾದರೆ ಮಕ್ಕಳು ಈ ಕೊನೆಯದರಲ್ಲಿ ಹೆಚ್ಚು ತಪ್ಪಬೇಕು. ನನ್ನ ಊಹೆ ಸರಿಯಾದರೆ ತಾನ–ತನಾದಲ್ಲಿ.

ಗೋಸ್ವಾಮಿಯವರ ಪರವಾಗಿ ಇರುವ ಸಾಕ್ಷ್ಯವನ್ನೂ ಹೇಳಬೇಕು. ಅವರ ತಂಡ 2011ರಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಚೀನೀ ಮಕ್ಕಳಲ್ಲಿ ಏರುಕಾಲದ ಕೊರತೆಯನ್ನು ತೋರಿಸಿತು; ಅವು ಲಯದಲ್ಲಿ ತೀರ ಬೇರೆಬೇರೆ ಭಾಷೆಗಳು. ಹಮಲೈನೆನ್ ಮತ್ತಿತರರು 2013ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಏರುಕಾಲದ ಫಲಿತಾಂಶವೇ ಹೆಚ್ಚು ಸ್ಥಿರವಾಗಿತ್ತು. ಕಾಲಾವಧಿಯ ಗ್ರಹಿಕೆಯಲ್ಲೂ ಕೊರತೆ ಕಂಡಿತಾದರೂ ಅಷ್ಟು ತಪ್ಪದೆ ಕಾಣಲಿಲ್ಲ. ಆದ್ದರಿಂದ ಏರುಕಾಲವನ್ನು ತಳ್ಳಿಹಾಕಿ ಮಾತ್ರೆಯನ್ನು ಅದರ ಜಾಗದಲ್ಲಿ ಕೂರಿಸುವುದು ನನ್ನ ಉದ್ದೇಶವಲ್ಲ. ಅಕ್ಷರ ಎಲ್ಲಿ ಶುರುವಾಯಿತೆಂದು ಸರಿಯಾಗಿ ತಿಳಿಯದವರಿಗೆ ಅದು ಎಷ್ಟು ಹೊತ್ತು ನಿಂತಿತೆಂದೂ ತಿಳಿಯಲಾರದು. ಮೂಲದ ಕೊರತೆ ಒಂದೇ ಇದ್ದು, ಅದು ಇಂಗ್ಲಿಷಿನಲ್ಲಿ ಆಘಾತದ ಮೇಲೂ ಕನ್ನಡ, ಫಿನ್ನಿಷ್, ಜಪಾನಿಗಳಲ್ಲಿ ಮಾತ್ರೆಯ ಮೇಲೂ ಎದ್ದು ಕಾಣುತ್ತಿರಬಹುದು. ಏರುಕಾಲ, ಮಾತ್ರೆ ಇವೆರಡರಲ್ಲಿ ಯಾವುದು ಮೂಲ, ಯಾವುದು ಅದರ ಪರಿಣಾಮ ಎಂಬುದು ತೆರೆದ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಸಂಗೀತ ಕಲಿಸಿದರೆ ಓದು ಸುಧಾರಿಸೀತೆ ಎಂಬ ಪೋಷಕರ ಪ್ರಶ್ನೆಗೂ ಇದು ತಾಗುತ್ತದೆ. ಇಟಲಿಯಲ್ಲಿ ಫ್ಲಾವುನ್ಯಾಕ್ಕೊ ಮತ್ತಿತರರು ಡಿಸ್ಲೆಕ್ಸಿಯಾ ಇರುವ 8ರಿಂದ 11 ವರ್ಷದ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸಂಗೀತ, ಇನ್ನೊಂದಕ್ಕೆ ಚಿತ್ರಕಲೆ ಕಲಿಸಿದರು. ಸಂಗೀತದ ಗುಂಪು ಧ್ವನಿಪ್ರಜ್ಞೆಯಲ್ಲೂ ಓದಿನಲ್ಲೂ ಮುಂದೆ ಹೋಯಿತೆಂದು 2015ರ ವರದಿ ಹೇಳುತ್ತದೆ. ಇಟಾಲಿಯನ್ನಿನಲ್ಲೂ ದ್ವಿತ್ವ ಅರ್ಥಭೇದಕ ಎಂಬುದನ್ನು ಇಲ್ಲಿ ನೆನೆಯುವುದು ಒಳ್ಳೆಯದು. ಒಂದು ಪ್ರಯೋಗದಿಂದ ದೊಡ್ಡ ಭರವಸೆ ಕೊಡಲಾಗದು. ಆದರೂ ನಮ್ಮಲ್ಲಿ ಕಲಿಸುವುದಾದರೆ ಬರಿಯ ಚಪ್ಪಾಳೆಗಿಂತ ಅಲಂಕಾರಗಳನ್ನು ಒಂದನೆಯ, ಎರಡನೆಯ ಕಾಲಗಳಲ್ಲಿ ಹಾಡಿಸುವುದು, ಲಘು–ಗುರು ಹಾಕಿಸುತ್ತ ಪದ್ಯ ಹೇಳಿಸುವುದು ಹೆಚ್ಚು ಫಲ ಕೊಟ್ಟೀತು. ಮಾತ್ರೆಯ ಅನುಭವ ಸಿಗುವುದು ಅಲ್ಲಿಯೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಸ್ಥಿತಿಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಹೀಗಾಗಿ ಮಗುವಿಗೆ ಸಿಗುವ ನೆರವು ಪರೀಕ್ಷೆಯ ಫಲಿತಾಂಶವನ್ನೇ ಅವಲಂಬಿಸಿದೆ. ಇನ್ನೊಂದು ಭಾಷೆಯ ಲಯಕ್ಕೆ ಹೊಲಿದ ಪರೀಕ್ಷೆ ಇಲ್ಲಿಯ ಮಗುವಿನ ತೊಡಕನ್ನು ಕಾಣದೆ ಹೋದರೆ ನಷ್ಟ ಆ ಮಗುವಿನದು. ಕನ್ನಡ ಮಕ್ಕಳನ್ನು ಪರೀಕ್ಷಿಸುವ ವಾಕ್ ಶ್ರವಣ ತಜ್ಞರಲ್ಲಿ, ವಿಶೇಷ ಶಿಕ್ಷಕರಲ್ಲಿ ನನ್ನ ಕೋರಿಕೆ ಒಂದೇ: ಉಕ್ತಲೇಖನವನ್ನೂ ನೋಡಿ ಬರೆದದ್ದನ್ನೂ ಬೇರೆಬೇರೆ ತಿದ್ದಿ, ಬಿಟ್ಟ ದೀರ್ಘ, ಬಿಟ್ಟ ಸಜಾತೀಯ ಒತ್ತು, ಬಿಟ್ಟ ವಿಜಾತೀಯ ಒತ್ತು ಇವನ್ನು ‘ಕಾಗುಣಿತ ದೋಷ’ವೆಂದು ಒಂದೇ ಕಡೆ ಸೇರಿಸದೆ ಬೇರೆಬೇರೆಯಾಗಿ ಎಣಿಸಿ ಇಟ್ಟುಕೊಳ್ಳಿ. ಆ ಎಣಿಕೆ ನನ್ನ ಊಹೆಯನ್ನು ಸುಳ್ಳಾಗಿಸಿದರೂ ಕನ್ನಡದ ಓದಿನ ಅಧ್ಯಯನಕ್ಕೆ ಅದು ಬೇಕೇ ಬೇಕು.